ಅವ್ವ ಕೊಡ ಬಿಟ್ಟು ಬಂದ ದಿನ

ಆಗ ಇನ್ನೂ ನಿಜಾಮರ ರಾಜ್ಯ. ಯಲಬುರ್ಗಾ ಸೀಮೆಯ ನಮ್ಮೂರಿನಲ್ಲಿ ಬಾವಿಯ ಹಗ್ಗ ಮುಟ್ಟುವ ಹಕ್ಕು ನಮಗಿರಲಿಲ್ಲ. ಅಪ್ಪ ಅವ್ವ ಕ್ರಿಸ್ತನ ದಾರಿ ಹಿಡಿದ ಮೇಲೂ ಊರವರ ಕಣ್ಣಿಗೆ ನಾವು ಅದೇ ಕೇರಿಯವರು. ಬಾವಿಕಟ್ಟೆಯ ಕೆಳಗೆ ಕೊಡ ಇಟ್ಟು ನಿಲ್ಲಬೇಕು. ಯಾರಿಗಾದರೂ ಮನಸ್ಸು ಬಂದರೆ ಮೇಲಿಂದ ಸುರಿಯುತ್ತಿದ್ದರು. ತಪ್ಪದೆ ಸುರಿಯುತ್ತಿದ್ದವಳು ಗೌಡರ ಮನೆಯ ಹಿರಿಯ ಸೊಸೆ ಮಾತ್ರ. ಬಾಯಿ ಜೋರು, ಕೈ ಧಾರಾಳ. ಆಕೆ ಮುನಿಸಿಕೊಂಡರೆ ನಮ್ಮ ಮನೆಯಲ್ಲಿ ಒಲೆ ಹೊತ್ತಿಸಿ ಪ್ರಯೋಜನವಿರಲಿಲ್ಲ, ಗಡಿಗೆಯಲ್ಲಿ ನೀರೇ ಇರುತ್ತಿರಲಿಲ್ಲ.

ಗಂಗಾವತಿ ಕಡೆಯಿಂದ ಚಕ್ಕಡಿಯಲ್ಲಿ ಬರುತ್ತಿದ್ದ ಪಾದ್ರಿಗಳಿಗೆ ಇದೆಲ್ಲ ಎಲ್ಲಿ ತಿಳಿಯಬೇಕು? ಕೇಳಿದ ಸುವಾರ್ತೆಯನ್ನು ನೆರೆಯವರಿಗೆ ಹೇಳಿ ಎಂದು ಪ್ರತಿ ಸಲ ಒತ್ತಿ ಹೇಳಿ ಚಕ್ಕಡಿ ಹತ್ತುತ್ತಿದ್ದರು. ಕೊಡ ಹಿಡಿದು ನಿಲ್ಲುವವರು ನಾವಲ್ಲವೆ ಎಂದು ನನಗೆ ಈಗಲೂ ಸಿಟ್ಟು ಬರುತ್ತದೆ. ಅವ್ವ ತಲೆ ತಗ್ಗಿಸಿ ಕೇಳಿಸಿಕೊಳ್ಳುತ್ತಿದ್ದಳು, ಬಾವಿಯ ಬಳಿ ಮಾತ್ರ ಆ ಸುದ್ದಿ ಎತ್ತುತ್ತಿರಲಿಲ್ಲ.

ಒಂದು ಸಂಜೆ ಅಪ್ಪ ಅಕ್ಷರ ಕೂಡಿಸಿ ಕೂಡಿಸಿ ಸತ್ಯವೇದ ಓದಿದ. ದಣಿದ ಯೇಸು ಬಾವಿಯ ಹತ್ತಿರ ಕೂತು, ತನ್ನ ಜನ ಯಾರೂ ಹತ್ತಿರ ಸೇರಿಸದ ಕುಲದ ಹೆಂಗಸಿಗೆ ಕುಡಿಯಲು ನೀರು ಕೇಳಿದ ಕಥೆ ಅದು. ಮಾತುಕತೆಯಾದ ಮೇಲೆ ಆಕೆ ಕೊಡ ಅಲ್ಲೇ ಬಿಟ್ಟು ಊರೊಳಗೆ ಹೋಗಿ ಎಲ್ಲರನ್ನೂ ಕರೆದಳಂತೆ. ಅವ್ವ ಅಷ್ಟನ್ನೇ ಮತ್ತೆ ಮತ್ತೆ ಓದಿಸಿದಳು. ಹೋಗಿ ಹೇಳು ಎಂದು ಆಕೆಗೆ ಯಾರೂ ಅಪ್ಪಣೆ ಮಾಡಿರಲಿಲ್ಲ. ಪಾದ್ರಿಗಳ ಮಾತಿಗೆ ಅಲುಗದ ಅವ್ವ ಆ ಹೆಂಗಸಿನಿಂದ ಅಲುಗಿದಳು.

ಮರುದಿನ ಬಾವಿಯ ಬಳಿ ಅವ್ವ ಬಾಯಿಬಿಟ್ಟು ಆ ಕಥೆ ಹೇಳತೊಡಗಿದಳು. ನಾನು ಸೆರಗು ಜಗ್ಗಿದರೂ ನಿಲ್ಲಿಸಲಿಲ್ಲ. ಗೌಡರ ಸೊಸೆ ಹಗ್ಗ ಸೇದುತ್ತಲೇ ಕೇಳಿಸಿಕೊಂಡಳು. ಮುಖ ಗಂಟಾಯಿತು.

“ಆಕಿ ಕೈ ನೀರು ಆತ ಕುಡದನೇನು?”

ಅವ್ವನಿಗೆ ಗೊತ್ತಿರಲಿಲ್ಲ. ಅರ್ಧ ಕೊಡ ಸುರಿದು ಗೌಡರ ಸೊಸೆ ಹೊರಟುಹೋದಳು. ಮುಗಿಯಿತು ನಮ್ಮ ನೀರಿನ ಋಣ ಎಂದುಕೊಂಡೆ.

ಅಪ್ಪ ಹಾಳೆ ತಿರುವಿ ತಿರುವಿ ನೋಡಿದ. ಕುಡಿದನೆಂದು ಬರೆದಿರಲಿಲ್ಲ, ಕುಡಿಯಲಿಲ್ಲವೆಂದೂ ಇರಲಿಲ್ಲ. ಕುಡಿದ ಅಂತ ಹೇಳಿಬಿಡು, ಯಾರು ಬಂದು ನೋಡುತ್ತಾರೆ ಎಂದ. ಅವ್ವ ಒಪ್ಪಲಿಲ್ಲ. ದೇವರ ಮಾತಿಗೆ ನನ್ನ ಮಾತು ಬೆರೆಸಲೇನು ಎಂದು ಅವನ ಮೇಲೇ ರೇಗಿದಳು.

ಬೆಳಿಗ್ಗೆ ಗೌಡರ ಸೊಸೆ ಕಟ್ಟೆಯ ಮೇಲಿದ್ದಳು. ಅವ್ವ ಕೆಳಗೆ ನಿಂತೇ ಹೇಳಿದಳು. “ಅದನ್ನ ಬರದಿಲ್ರಿ ಅವ್ವಾರ. ಕುಡದಿರಬೇಕು ಅಂತ ನನ್ನ ಮನಸ್ಸಿಗೆ ಅನಸತೈತ್ರಿ.”

ಆಕೆ ನಮ್ಮ ಕೊಡ ತುಂಬಿಸಿದಳು. ಆಮೇಲೆ ಕಟ್ಟೆ ಇಳಿದು ಬಂದು, ಬಾಗಿ, ಅವ್ವನ ಮುಂದೆ ಬೊಗಸೆ ಒಡ್ಡಿದಳು.

“ನೀ ಹಾಕಬೇ. ನಾ ಕುಡಿತೇನಿ.”

ಅವ್ವ ಕೊಡ ಎತ್ತಿ ಬಗ್ಗಿಸಿದಳು, ಅರ್ಧ ನೀರು ಆಕೆಯ ಸೀರೆಯ ಮೇಲೆ ಬಿತ್ತು. ಆಕೆ ಕುಡಿದಳು, ಬಾಯಿ ಒರೆಸಿಕೊಂಡು ಮತ್ತೆ ಕಟ್ಟೆ ಹತ್ತಿದಳು.

ಮುಂದೆ ಆಕೆ ಕ್ರೈಸ್ತಳಾಗಲಿಲ್ಲ. ಹಗ್ಗವೂ ನಮ್ಮ ಕೈಗೆ ಬರಲಿಲ್ಲ. ಪಾದ್ರಿಗಳು ಮತ್ತೆ ಬಂದಾಗ ಯಾರಾದರೂ ನಂಬಿದರೇ ಎಂದು ಕೇಳಿ, ಇಲ್ಲವೆಂದಾಗ ನಿಟ್ಟುಸಿರಿಟ್ಟರು. ಅವರಿಗೆ ಏನಂತ ಬಿಡಿಸಿ ಹೇಳುವುದು?

ಗೌಡರ ಸೊಸೆ ನೀರು ಕುಡಿದ ಆ ಬೆಳಿಗ್ಗೆ ಅವ್ವ ನನ್ನ ಕೈ ಹಿಡಿದು ಮನೆತನಕ ಓಡಿದಳು. ಏದುಸಿರು ಬಿಡುತ್ತ ಅಪ್ಪನಿಗೆ ಎಲ್ಲವನ್ನೂ ಹೇಳಿದಳು. ಅಪ್ಪ ಪೂರ್ತಿ ಕೇಳಿ, ಆಕೆಯ ತಲೆ ನೋಡಿದ, ನಡು ನೋಡಿದ.

“ಕೊಡ ಎಲ್ಲೈತಿ?”

ಅವ್ವ ತನ್ನ ಬರಿಗೈ ನೋಡಿಕೊಂಡಳು. ಹೊಸ್ತಿಲ ಮೇಲೆ ಕೂತು ಸೆರಗು ಬಾಯಿಗಿಟ್ಟುಕೊಂಡು ಅತ್ತಳು.