ಬಾಬಿನ್ನಿನ ತಿರುಗಾಟ

“ಏನಂತ ಹೇಳಲಿ ನಿನಗೆ! ಕೂತಲ್ಲಿ ಕೂರಲ್ಲ, ನಿಂತಲ್ಲಿ ನಿಲ್ಲಲ್ಲ. ಬಾಗಿಲಿಗೆ ಹೋಗುತ್ತೆ, ಕಿಟಕಿಗೆ ಹೋಗುತ್ತೆ, ಅಡುಗೆಮನೆ ಮೂಸುತ್ತೆ, ವಾಪಸ್ ಬಂದು ನನ್ನ ಮುಖ ನೋಡುತ್ತೆ. ಇಲ್ಲೇ ಇದ್ದೀನಲ್ಲೋ ಅಂತೀನಿ. ಉಹೂಂ, ನಾಲ್ಕು ಹೊಲಿಗೆ ಹಾಕೋದ್ರೊಳಗೆ ಮತ್ತೆ ಸವಾರಿ ಹೊರಟಿತು! ಹೊಟ್ಟೆ ತುಂಬಾ ಹಾಕಿದೆ, ಮೈ ತೊಳೆದೆ, ಉಣ್ಣಿ ಹುಡುಕಿದೆ, ಬೀದಿ ಸುತ್ತಿಸ್ಕೊಂಡು ಬಂದೆ. ಬೈದೂ ನೋಡಿದೆ. ಬೈದರೆ ತಿರುಗಿ ಸಹ ನೋಡಲ್ಲ ಕಣೋ, ಅಷ್ಟು ಕೊಬ್ಬು. ಸಂಜೆಯಾದ್ರೆ ಊಳಿಡೋದು ಬೇರೆ. ಮೇಲಿನ ಮನೆ ಓನರಮ್ಮ ನಿನ್ನೆ ಮೆಟ್ಟಿಲ ಮೇಲೇ ನಿಂತು, ನಾಯಿ ಇರ್ಬೇಕು ಇಲ್ಲಾ ನೀವಿರ್ಬೇಕು ಅಂದ್ಬಿಟ್ಟಳು. ಈ ವಯಸ್ಸಲ್ಲಿ ನಾನೆಲ್ಲಿ ಮನೆ ಹುಡುಕಲಿ? ನೀನೇ ಬಂದು ಕರ್ಕೊಂಡ್ಹೋಗು.”

ತಮ್ಮನಿಗೆ ಇಷ್ಟು ಹೇಳಿ ಆಕೆ ಫೋನಿಟ್ಟಳು. ಬೀದಿಗೆಲ್ಲ ಆಕೆ ಗುಂಡಿಯಕ್ಕ. ಯಾರ ಅಂಗಿಯ ಗುಂಡಿ ಉದುರಿದರೂ ಪುಕ್ಕಟೆ ಹಾಕಿಕೊಡುವವಳು. ಪರದೆ, ದಿಂಬಿನ ಚೀಲ, ಶಾಲೆಯ ಮಕ್ಕಳ ಚಡ್ಡಿ ಹೊಲಿದೇ ಬದುಕು ಸಾಗಿಸಿದಳು. ನೆಲಕ್ಕೆಲ್ಲ ಮರದ ಹಲಗೆ ಹಾಸಿದ ಒಂದು ಕೋಣೆ, ಒಂದು ಅಡುಗೆಮನೆ, ತುಳಿಯುವ ಮೆಷಿನ್ನು, ಅದರ ಬುಡದಲ್ಲಿ ಬಾಬಿನ್ ಎಂಬ ಮುದಿ ನಾಯಿ. ಗಿರಾಕಿ ಬಾರದ ದಿನ ಆಕೆ ಬಾಯಿಬಿಟ್ಟು ಮಾತಾಡುತ್ತಿದ್ದುದು ಅದರೊಂದಿಗೆ ಮಾತ್ರ. ಸಂಜೆ ಮೇಲಿನ ಮನೆಯಲ್ಲಿ ಓಡಾಡುವ ಸಪ್ಪಳ ಕೇಳಿದರೆ, ಸದ್ಯ ಯಾರೋ ಇದ್ದಾರೆ ಎಂದು ಸಮಾಧಾನ ಮಾಡಿಕೊಳ್ಳುವಳು.

ಅಕ್ಕನಿಗೆ ಮಂಡಿನೋವೆಂದು ಮೆಷಿನ್ನಿಗೆ ಮೋಟಾರು ಕೂರಿಸಿಕೊಟ್ಟವನು ಈ ತಮ್ಮನೇ. ಆ ವಾರದಿಂದಲೇ ಬಾಬಿನ್ನಿನ ತಿರುಗಾಟ ಶುರುವಾಗಿತ್ತು. ಒಂದಕ್ಕೊಂದು ಸಂಬಂಧವಿದೆಯೆಂದು ಯಾರಿಗೂ ಹೊಳೆಯಲಿಲ್ಲ.

ಭಾನುವಾರ ತಮ್ಮ ಹಗ್ಗ ಹಿಡಿದುಕೊಂಡು ಬಂದ. ಗೋಡೌನಿನ ಕಾವಲುಗಾರನೊಬ್ಬ ನಾಯಿ ಸಾಕಿಕೊಳ್ಳಲು ಒಪ್ಪಿದ್ದ.

“ತಾಳೋ, ಈ ಪರದೆಯ ಅಂಚು ಮುಗಿಸಿಬಿಡ್ತೀನಿ. ಗಿರಾಕಿ ಬರೋ ಹೊತ್ತು,” ಎಂದಳು. ಅಂಚಿಗಿಂತ ನಾಯಿಯನ್ನು ಇನ್ನೊಂದಿಷ್ಟು ಹೊತ್ತು ಇಟ್ಟುಕೊಳ್ಳುವುದು ಬೇಕಿತ್ತು.

ಅಷ್ಟರಲ್ಲಿ ಕರೆಂಟು ಹೋಯಿತು.

“ಹೋಯ್ತಲ್ಲ ನಿನ್ನ ಮೋಟಾರಿನ ಜಂಬ!” ಎನ್ನುತ್ತ ಅದರ ಬೆಲ್ಟು ಬಿಚ್ಚಿ, ಹಳೆಯ ಚರ್ಮದ ಪಟ್ಟಿಯನ್ನು ಚಕ್ರಕ್ಕೆ ಏರಿಸಿ ತುಳಿಯತೊಡಗಿದಳು. ಧಡಕ್ ಧಡಕ್ ಎಂದು ಹಲಗೆಗಳೆಲ್ಲ ಅದುರಿದವು.

ಅಡುಗೆಮನೆಯಲ್ಲಿ ಸುತ್ತುತ್ತಿದ್ದ ಬಾಬಿನ್ ಗಕ್ಕನೆ ನಿಂತಿತು. ನೆಟ್ಟಗೆ ಬಂದು ಮೆಷಿನ್ನಿನ ಬುಡದಲ್ಲಿ ಮೈ ಚೆಲ್ಲಿ, ಗದ್ದವನ್ನು ಹಲಗೆಗೆ ಒತ್ತಿ, ಉಸ್ಸೆಂದು ಕಣ್ಣು ಮುಚ್ಚಿತು.

“ಇಷ್ಟು ದಿನ ನನ್ನ ಜೀವ ತಿಂದು, ಹೊರಡೋ ಹೊತ್ತಿಗೆ ಒಳ್ಳೇದಾಯ್ತು ನೋಡು.”

ತಮ್ಮ ಅದರ ಹಿಂದಿನಿಂದ “ಬಾಬಿನ್” ಎಂದ. ಅಲುಗಲಿಲ್ಲ. ತಲೆಯ ಹತ್ತಿರವೇ ಜೋರಾಗಿ ಚಪ್ಪಾಳೆ ತಟ್ಟಿದ. ಕಿವಿಯ ಕೂದಲೂ ಮಿಸುಕಲಿಲ್ಲ.

“ಅಕ್ಕಾ, ಇದಕ್ಕೆ ಕಿವಿ ಹೋಗಿದೆ.”

ಗುಂಡಿಯಕ್ಕನ ಕಾಲು ನಿಂತಿತು. ಹಲಗೆಯ ಅದುರಾಟವೂ ನಿಂತಿತು. ಬಾಬಿನ್ ತಟ್ಟನೆ ತಲೆಯೆತ್ತಿ ಗಾಬರಿಯಿಂದ ಆಕೆಯನ್ನು ಹುಡುಕಿತು. ಆಕೆ ಮತ್ತೆ ತುಳಿದಳು. ತಲೆ ಕೆಳಗಿಳಿಯಿತು.

“ಅಯ್ಯೋ ನನ್ನ ಕಂದಾ,” ಎಂದಳು. “ನಾನು ಇದ್ದೀನಿ ಅನ್ನೋದು ಇದಕ್ಕೆ ನೆಲದಿಂದ ಗೊತ್ತಾಗ್ತಿತ್ತಲ್ಲೋ. ಮೋಟಾರು ಮೇಲ್ಗಡೆ ಗುಂಯ್ ಅನ್ನುತ್ತೆ, ಹಲಗೆಗೆ ಮುಟ್ಟೋದೇ ಇಲ್ಲ. ಕಣ್ಣು ಮುಚ್ಚಿದ್ರೆ ನಾನು ಇಲ್ಲ ಇದಕ್ಕೆ. ಹುಡುಕ್ದೆ ಏನು ಮಾಡೀತು?”

“ಮಂಡಿ ಗತಿ?”

“ಎಡಗಾಲಲ್ಲಿ ತುಳೀತೀನಿ. ಅದು ಇಷ್ಟು ವರ್ಷ ಸುಮ್ನೆ ಕೂತು ತಿಂದಿದೆ.”

“ಓನರಮ್ಮ?”

“ಸುತ್ತೋದು ನಿಂತ್ರೆ ಊಳಿಡೋದೂ ನಿಲ್ಲುತ್ತೆ. ಇನ್ನೊಂದು ವಾರ ನೋಡಿ ಅಂತ ನೀನೇ ಹೇಳಿ ಹೋಗು. ನಿನ್ನ ಮಾತಾದ್ರೆ ನಗ್ತಾ ಕೇಳ್ತಾಳೆ.”

ತಮ್ಮ ನಕ್ಕ. ಮೋಟಾರು ಬಿಚ್ಚಿ, ನಾಯಿಗೆಂದು ತಂದ ಹಗ್ಗದಲ್ಲೇ ಅದನ್ನು ಕಟ್ಟಿಕೊಂಡು, ಮೇಲಕ್ಕೆ ಹೋಗಿ ಹಲ್ಲು ಕಿರಿದು ಒಂದು ವಾರದ ಗಡುವು ತಂದು, ಹೊರಟುಹೋದ. ಗಿರಾಕಿಯೂ ಬಂದು ಪರದೆ ಒಯ್ದಳು. ಮೇಲಿನ ಮನೆಯವರು ಎಲ್ಲಿಗೋ ಹೋದರೇನೋ, ಅಲ್ಲಿಯೂ ಸದ್ದಿಲ್ಲ. ಕೋಣೆ ಬಿಕೋ ಎನ್ನಿಸಿತು. ಟೀ ಕಾಯಿಸಬೇಕಿತ್ತು. ಎದ್ದರೆ ಬಾಬಿನ್ ಏಳುತ್ತದಲ್ಲ ಎಂದು ಸ್ವಲ್ಪ ಹೊತ್ತು ಕೂತೇ ಇದ್ದಳು. ಆಮೇಲೆ ಎದ್ದು, ಒಂದೊಂದು ಹೆಜ್ಜೆಯನ್ನೂ ಹಲಗೆಗೆ ಒತ್ತಿ ಇಡುತ್ತ ಅಡುಗೆಮನೆಗೆ ಹೋಗಿ, ಒಲೆ ಹಚ್ಚಿ, ಲೋಟ ತೊಳೆಯುವಾಗಲೂ ಹಿಮ್ಮಡಿಯಿಂದ ನೆಲ ತಟ್ಟುತ್ತಲೇ ಇದ್ದಳು.