ಪರದೆಯ ಮೇಲೆ ಪುಟ್ಟಮ್ಮನ ಹೆಸರು

2008ರಲ್ಲಿ ನಾನು ಕನಕಪುರದ ಹತ್ತಿರದ ಒಂದು ರೇಷ್ಮೆ ಪ್ರಯೋಗಾಲಯದಲ್ಲಿ ಸಹಾಯಕ ವಿಜ್ಞಾನಿಯಾಗಿದ್ದೆ. ಹಾಲುತೊಂಡೆ ಎಂಬ ವೈರಸ್ ರೋಗ ತಗುಲಿದ ರೇಷ್ಮೆಹುಳು ಊದಿಕೊಂಡು, ಚರ್ಮ ಒಡೆದು, ಹಾಲಿನಂಥ ದ್ರವ ಸುರಿಸಿ ಸಾಯುತ್ತದೆ. ಲಕ್ಷಣ ಕಾಣುವ ಮುನ್ನವೇ ಅದರ ಜೀವಕೋಶದೊಳಗೆ ಬಿಸಿ ಏರುತ್ತದೆಯೇ ಎಂಬುದು ನಮ್ಮ ಪ್ರಶ್ನೆ. ಕೋಶದೊಳಗೆ ಥರ್ಮಾಮೀಟರ್ ತೂರಿಸಲಾಗದು. ಬಿಸಿಯಾದಷ್ಟೂ ಹೊಳಪು ಕುಂದುವ ಬಣ್ಣವೊಂದನ್ನು ಕೋಶಕ್ಕೆ ಸೇರಿಸಿ, ಮೈಕ್ರೋಸ್ಕೋಪಿನಲ್ಲಿ ಆ ಹೊಳಪನ್ನು ಅಳೆಯುತ್ತಿದ್ದೆವು. ಅರ್ಧ ಡಿಗ್ರಿಗಾಗಿ ವಾರಗಟ್ಟಲೆ ಗುದ್ದಾಟ.

ಇದಕ್ಕೆ ಅಪ್ಪಟ ಆರೋಗ್ಯದ ಹುಳು ಬೇಕಿತ್ತು. ಸಾತನೂರು ಕಡೆಯ ಪುಟ್ಟಮ್ಮ ಚಾಕಿ ಸಾಕುತ್ತಿದ್ದರು. ಅಂದರೆ ಮರಿಹುಳುಗಳನ್ನು ವಾರ, ಹತ್ತು ದಿನ ಬೆಳೆಸಿ ಸುತ್ತಲಿನ ರೈತರಿಗೆ ಮಾರುವ ಕೆಲಸ. ಹುಳುಮನೆಗೆ ಹೊರಗಿನವರನ್ನು ಸೇರಿಸದ ಹೆಂಗಸು, ಕೈಕಾಲು ತೊಳೆಸಿ ನನ್ನನ್ನು ಒಳಗೆ ಬಿಟ್ಟರು. ಗೆಲುವಾದ ಹುಳುಗಳನ್ನೇ ಆರಿಸಿ ಕೊಟ್ಟರು.

"ಚೆನ್ನಾಗಿರೋವ್ನೇ ಕೊಟ್ಟಿವ್ನಿ ಕಣವ್ವ. ನನ್ ಹೆಸ್ರು ಕೆಡಿಸ್ಬ್ಯಾಡಿ."

ಹುಳು ಕೊಟ್ಟವರ ಹೆಸರನ್ನೇ ಟ್ಯೂಬಿಗೆ ಅಂಟಿಸುವುದು ನಮ್ಮಲ್ಲಿ ರೂಢಿ. ನಾನೂ ಹಾಗೇ ಬರೆದೆ. ಅರ್ಧದಷ್ಟು ಹುಳುಗಳಿಗೆ ಹಿಪ್ಪುನೇರಳೆ ಸೊಪ್ಪಿನ ಮೇಲೆ ವೈರಸ್ ಸವರಿ ತಿನ್ನಿಸಿದ್ದೂ ನಾನೇ, ನಮ್ಮ ಲ್ಯಾಬಿನಲ್ಲೇ.

ಮುಂದಿನ ತಿಂಗಳು ಕನಕಪುರದಲ್ಲಿ ರೈತರ ಸಭೆ. ನಮ್ಮ ಲ್ಯಾಬಿನ ಮುಖ್ಯಸ್ಥರು ರೋಗ ತಗುಲಿದ ಕೋಶದ ಚಿತ್ರವನ್ನು ಪರದೆಗೆ ಹಾಕಿದರು. ಕೆಳಗೆ ಟ್ಯೂಬಿನ ಮೇಲಿದ್ದ 'ಪುಟ್ಟಮ್ಮ, ಸಾತನೂರು' ಎಂಬ ಹೆಸರು ಹಾಗೇ ಇತ್ತು. ಅದನ್ನು ತೆಗೆಸಿ ಎಂದು ಹಿಂದಿನ ದಿನವೇ ಹೇಳಿದ್ದೆ, ಆಯಿತೆಂದಿದ್ದರು. ಮೈ ಉರಿದುಹೋಯಿತು. ಮುಂದಿನ ಸಾಲಿನಿಂದಲೇ ಚೀಟಿ ಕಳಿಸಿದೆ. ಓದಿ ಜೇಬಿಗಿಟ್ಟುಕೊಂಡು ಭಾಷಣ ಮುಂದುವರಿಸಿದರು.

ಹಿಂದಿನ ಸಾಲಿನ ರೈತರೊಬ್ಬರು ಪಕ್ಕದವರಿಗೆ, "ನಾವು ಚಾಕಿ ತರೋ ಪುಟ್ಟಮ್ಮನ್ ಹುಳ ಅಲ್ವೇನ್ಲಾ ಇದು?" ಎಂದದ್ದು ಎಲ್ಲರಿಗೂ ಕೇಳಿಸಿತು. ಸಭೆಗೆ ಬಂದಿದ್ದ ಪುಟ್ಟಮ್ಮ ಸೆರಗು ಹೊದ್ದು ಎದ್ದು ಹೋದರು.

ಸಭೆ ಮುಗಿದ ಮೇಲೆ ಮುಖ್ಯಸ್ಥರನ್ನು ತಡೆದು ಕೇಳಿದೆ. "ಒಂದು ಲೇಬಲ್ಲಿಗೆ ಇಷ್ಟು ರಂಪವೇನಮ್ಮ?" ಎಂದು ನಕ್ಕರು. ಮೂರು ವರ್ಷ ಗುರುವೆಂದು ನಂಬಿದ್ದ ಮನುಷ್ಯ!

ಎರಡು ದಿನ ಬಿಟ್ಟು ಸಾತನೂರಿಗೆ ಹೋದೆ. ಆ ಸಲದ ಚಾಕಿಯನ್ನು ಯಾರೂ ಒಯ್ದಿರಲಿಲ್ಲ. ಬೆಳೆಯುತ್ತಿದ್ದ ಅಷ್ಟೂ ಹುಳುಗಳಿಗೆ ಪುಟ್ಟಮ್ಮನ ತೋಟದ ಸೊಪ್ಪು ಸಾಲದು. ನೀವು ಕೊಟ್ಟ ಹುಳು ಚೆನ್ನಾಗಿಯೇ ಇದ್ದವು, ರೋಗ ಹಚ್ಚಿದ್ದು ನಾವು, ನಮ್ಮ ಸಾಹೇಬರು ಮಾತಿಗೆ ತಪ್ಪಿ ನನಗೆ ಮೋಸ ಮಾಡಿದರು ಎಂದೆಲ್ಲ ಹೇಳಿಕೊಂಡೆ.

ಅವರು ಬಾಗಿಲಲ್ಲೇ ನಿಂತು ಕೇಳಿಸಿಕೊಂಡರು.

"ಅವ್ರು ನಿಮ್ಗೆ ಮೋಸ ಮಾಡುದ್ರು, ಸರಿ. ನೀವು ಅಲ್ಲೇ ಮುಂದ್ಗಡೆ ಕೂತಿದ್ರಲ್ಲವ್ವ? ಎದ್ದು ಒಂದ್ ಮಾತು ಹೇಳ್ಬಾರ್ದಾಗಿತ್ತಾ?"

ಆಮೇಲೆ ಆ ಕಡೆಯ ಮನೆಮನೆಗೂ ಹೋಗಿ ನಿಜ ಹೇಳಿದೆ. ಕೆಲವರು ನಂಬಿದರು, ಹೆಚ್ಚಿನವರು ತಲೆಯಾಡಿಸಿದರು ಅಷ್ಟೇ. ತುಂಬಿದ ಸಭೆಯಲ್ಲಾದ ತಪ್ಪನ್ನು ಸಭೆ ಚದುರುವ ಮುನ್ನವೇ ಎದ್ದು ನಿಂತು ತಿದ್ದಬೇಕೆಂದು ನಾನು ಕಲಿತೆ. ಪುಟ್ಟಮ್ಮ ಚಾಕಿ ಸಾಕುವುದನ್ನು ಬಿಟ್ಟರು.