ಸುಗುಣಳ ಅಪ್ಪ ತಮಟೆ ಬಾರಿಸಿದ ಭಾನುವಾರ

ಮೊನ್ನೆ ಭಾನುವಾರ ಮಳವಳ್ಳಿಯ ಒಂದು ಸಣ್ಣ ಚರ್ಚಿನಲ್ಲಿ ತಮಟೆ ಕೇಳಿದೆ. ಬಾರಿಸಿದವರು ದೇವಯ್ಯ, ಎಪ್ಪತ್ತು ದಾಟಿದ ಹಿರಿಯರು. ಯಾರೂ ಕುಣಿಯಲಿಲ್ಲ.

ಚರ್ಚಿನಲ್ಲಿ ತಮಟೆಯೇ ಅಂತ ನಿಮಗೆ ಅನ್ನಿಸಬಹುದು. ಹಾಗೆ ಅನ್ನಿಸಿದ್ದು ನಿಮಗೊಬ್ಬರಿಗೇ ಅಲ್ಲ.

ದೇವಯ್ಯನವರ ಒಬ್ಬಳೇ ಮಗಳು ಸುಗುಣ ನನ್ನ ಗೆಳತಿ. ಮಳವಳ್ಳಿಯ ಹೈಸ್ಕೂಲಿನಲ್ಲಿ ಅವಳು ವಿಜ್ಞಾನದ ಟೀಚರ್, ನಾನು ಕನ್ನಡದವಳು. ನಾನು ಮದ್ದೂರಿನಿಂದ ಬಸ್ಸಿನಲ್ಲಿ ಹೋಗಿ ಬರುವವಳು. ಅವಳು ಅಪ್ಪ ಅಮ್ಮನ ಜೊತೆ ಅದೇ ಊರಿನಲ್ಲಿ. ಮಧ್ಯಾಹ್ನ ಡಬ್ಬಿ ಬಿಚ್ಚಿದರೆ ಅವಳದು ಒಂದೇ ಮಾತು, ಚರ್ಚಿನ ಹಾಡು. (ಮಕ್ಕಳಿಗೆ ಆಕ್ಷನ್ ಸಾಂಗ್ ಕಲಿಸುತ್ತಿದ್ದವಳೂ ಅವಳೇ.)

ಮಿರ್ಯಾಮಳ ಕತೆ ನನಗೆ ಹೇಳಿದ್ದು ಅವಳು. ಇಸ್ರೇಲಿನ ಜನ ಸಮುದ್ರ ದಾಟಿ ಬದುಕಿಕೊಂಡ ಮೇಲೆ ಮಿರ್ಯಾಮ ದಮ್ಮಡಿ ಹಿಡಿದು ಹೊರಟಳಂತೆ, ಹೆಂಗಸರೆಲ್ಲ ಅವಳ ಹಿಂದೆ ಕುಣಿದರಂತೆ. ದಾವೀದ ರಾಜನಂತೂ ದೇವರ ಮಂಜೂಷ ಅನ್ನುವ ಪವಿತ್ರ ಪೆಟ್ಟಿಗೆಯ ಮುಂದೆ ಮೈಮರೆತು ಕುಣಿದ. ಹೆಂಡತಿ ಕಿಟಕಿಯಿಂದ ನೋಡಿ ಅಸಹ್ಯಪಟ್ಟುಕೊಂಡಳು. ತಾಳ, ತಂತಿ, ತುತ್ತೂರಿ, ಕುಣಿತ, ಎಲ್ಲವೂ ಆ ಆರಾಧನೆಯಲ್ಲಿ ಇದ್ದವು.

‘ನಮ್ಮಲ್ಲಿ ಮಾತ್ರ ಕೀಬೋರ್ಡ್ ಒಂದೇ ಕಣೇ. ದಮ್ಮಡಿ ಅಂದ್ರೆ ಏನು? ನಮ್ಮಪ್ಪನ ತಮಟೆಗೆ ತಂಗಿ ಆಗ್ಬೇಕು’ ಅನ್ನುತ್ತಿದ್ದಳು.

ದೇವಯ್ಯ ಹುಡುಗರಾಗಿದ್ದಾಗ ತಮಟೆಯಲ್ಲಿ ಹೆಸರಾಗಿದ್ದವರು. ಆದರೆ ಅದು ಇಷ್ಟಪಟ್ಟು ಬಾರಿಸಿದ್ದಲ್ಲ. ಊರಿನಲ್ಲಿ ಯಾರ ಮನೆಯಲ್ಲಿ ಸಾವಾದರೂ ಕರೆ ಬರುತ್ತಿತ್ತು, ಹೋಗಲೇಬೇಕಿತ್ತು. ಬಾರಿಸಿ ಮುಗಿದ ಮೇಲೆ ಊಟ ಅಂಗಳದ ಆಚೆ. ಚರ್ಚಿಗೆ ಸೇರಿದ ವರ್ಷವೇ ತಮಟೆಯನ್ನು ಯಾರಿಗೋ ಕೊಟ್ಟು ಕೈ ತೊಳೆದುಕೊಂಡರು. ಆಮೇಲೆ ಮುಟ್ಟಲಿಲ್ಲ.

ಸುಗುಣ ಬಿಡಬೇಕಲ್ಲ? ಪ್ರತಿ ಕ್ರಿಸ್ಮಸ್ಸಿಗೂ ‘ಒಂದ್ಸಲ ಬಾರ್ಸಪ್ಪ’ ಅನ್ನುವಳು. ಒಮ್ಮೆ ನನ್ನೆದುರಿಗೇ ಕೇಳಿದಳು, ದಾವೀದನನ್ನೂ ಮುಂದಿಟ್ಟಳು. ಅವರು ಬಟ್ಟಲಲ್ಲಿದ್ದ ಕಾಫಿ ಮುಗಿಸಿ ನಿಧಾನಕ್ಕೆ ಹೇಳಿದರು:

‘ದಾವೀದ ರಾಜ ಕಣವ್ವ. ಅವ್ನು ಕುಣುದ್ರೆ ಭಕ್ತಿ ಅಂತಾರೆ. ನಾನು ಬಡುದ್ರೆ, ಬಾರ್ಲಾ ಅಂದೇಟ್ಗೆ ಓಯ್ತಿದ್ದೋನ ಕಸುಬು ಅಂತಾರೆ. ಬುಡು.’

ಸುಗುಣ ಬಟ್ಟಲು ಎತ್ತಿಕೊಂಡು ಒಳಗೆ ಹೋದಳು.

ಕಳೆದ ವರ್ಷ ಅವಳಿಗೆ ಕ್ಯಾನ್ಸರ್ ಅಂತ ಗೊತ್ತಾಯಿತು. ಮೈಸೂರಿನ ಆಸ್ಪತ್ರೆಗೆ ಓಡಾಟ ಶುರುವಾಯಿತು. ಕೂದಲು ಹೋಯಿತು, ದನಿ ಹೋಯಿತು. ನಾನು ನೋಡಲು ಹೋದಾಗ ಅಪ್ಪನ ಮೊಣಕೈ ಹಿಡಿದುಕೊಂಡು ಪಿಸುಗುಟ್ಟಿದಳು: ‘ಈಸ್ಟರ್‌ಗಾದ್ರೂ ಬಾರ್ಸಪ್ಪ. ನಾನು ಕುಂತ್ಕೊಂಡೇ ಕುಣೀತೀನಿ.’

‘ನೀನು ಎದ್ದು ಓಡಾಡು, ಆಮ್ಯಾಕೆ ನೋಡಾನ’ ಅಂದರು ದೇವಯ್ಯ.

ಮಕ್ಕಳು ಕೇಳಿದ್ದಕ್ಕೆ ಆಮೇಲೆ ನೋಡೋಣ ಅನ್ನದ ಅಪ್ಪ ಅಮ್ಮ ಯಾರಿದ್ದಾರೆ? ಆಮೇಲೆ ಅನ್ನುವುದು ಇದ್ದೇ ಇರುತ್ತದೆ ಅಂದುಕೊಂಡಿರುತ್ತೇವೆ. ಸುಗುಣ ಈಸ್ಟರ್‌ಗೆ ಮೊದಲೇ ಹೋಗಿಬಿಟ್ಟಳು.

ಮಣ್ಣು ಮಾಡುವಾಗ ಪಾಸ್ಟರ್ ದಾವೀದನ ಇನ್ನೊಂದು ಕತೆ ಹೇಳಿದರು. ಅವನ ಮಗು ಕಾಯಿಲೆ ಬಿದ್ದಾಗ ಅವನು ಊಟ ಬಿಟ್ಟು ನೆಲದ ಮೇಲೆ ಬಿದ್ದುಕೊಂಡಿದ್ದ. ಮಗು ಸತ್ತಿತು ಅಂತ ತಿಳಿದ ಮೇಲೆ ಎದ್ದು, ಸ್ನಾನ ಮಾಡಿ, ದೇವರ ಮನೆಗೆ ಹೋಗಿ ಅಡ್ಡಬಿದ್ದ.

ದೇವಯ್ಯ ಕೇಳಿದರು: ‘ಆಗ್ಲೂ ವಾದ್ಯ ಬಾರ್ಸುದ್ನಾ ಅಯ್ನೋರೇ?’

ಪಾಸ್ಟರ್ ಇನ್ನೂ ಚಿಕ್ಕ ವಯಸ್ಸಿನವರು. ಏನೋ ಹೇಳಿ ಸಮಾಧಾನ ಮಾಡಬಹುದಿತ್ತು. ‘ಗೊತ್ತಿಲ್ಲ ಅಪ್ಪಾಜಿ, ಅದನ್ನ ಬರೆದಿಲ್ಲ’ ಅಂದರು.

ಮುಂದಿನ ಭಾನುವಾರವೇ ನಾನು ಮೊದಲು ಹೇಳಿದ ಭಾನುವಾರ. ಪೂರಿಗಾಲಿಯ ನೆಂಟರೊಬ್ಬರಿಂದ ತಮಟೆ ಇಸಿದುಕೊಂಡು ಬಂದಿದ್ದರು ದೇವಯ್ಯ. ಚರ್ಚಿನ ಹಿಂದೆ ಒಣಹುಲ್ಲು ಹೊತ್ತಿಸಿ ಚರ್ಮ ಬಿಗಿಯಾಗುವವರೆಗೆ ಕಾಯಿಸಿದರು. ಹೊಗೆ ಕಂಡ ಕೆಲವರು ಮೂಗು ಮುರಿದರು. (ಕೀಬೋರ್ಡ್ ಎಲ್ಲಿಂದಲೋ ಬಂದರೂ ಪವಿತ್ರ. ಕೇರಿಯ ತಮಟೆ ಯಾಕೆ ಹೊರಗೆ ನಿಲ್ಲಬೇಕು?)

ಪ್ರಾರ್ಥನೆ ಮುಗಿದ ಮೇಲೆ ದೇವಯ್ಯ ಮುಂದೆ ಬಂದು, ‘ಒಸಿ ಜಾಗ ಕೊಡಿ’ ಅಂದರು. ಪಾಸ್ಟರ್ ಪಕ್ಕಕ್ಕೆ ಸರಿದರು. ಸಭೆಯ ಹಿರಿಯರೊಬ್ಬರು ಎದ್ದು ಹೊರಗೆ ನಡೆದರು.

ಮೊದಲ ಪೆಟ್ಟಿಗೆ ತಗಡಿನ ಮಾಡು ಅದುರಿತು. ಆಮೇಲೆ ಕೈ ತಡವರಿಸಿತು. ಎಷ್ಟು ವರ್ಷದ ನಂತರ ಹಿಡಿದ ಕಡ್ಡಿ ಅದು! ನಿಲ್ಲಿಸಿದರು, ಉಸಿರೆಳೆದುಕೊಂಡರು, ಮತ್ತೆ ಹಿಡಿದರು. ಆಗ ಕೈಗೆ ಕೂಡಿಬಂತು. ಸಾವಿಗೆ ಬಾರಿಸುವ ಗತ್ತಲ್ಲ, ಹಬ್ಬದ್ದು. ಸುಗುಣ ಆಕ್ಷನ್ ಸಾಂಗ್ ಕಲಿಸಿದ ಮಕ್ಕಳು ಒಬ್ಬರ ಮುಖ ಒಬ್ಬರು ನೋಡಿದವು, ಏಳಲಿಲ್ಲ. ಅವಳ ಅಮ್ಮ ರಾಹೇಲಮ್ಮ ಸೆರಗಿನಲ್ಲಿ ಮುಖ ಮುಚ್ಚಿಕೊಂಡರು. ದೇವಯ್ಯ ಕಣ್ಣು ಮುಚ್ಚಿ ಬಾರಿಸುತ್ತಲೇ ಇದ್ದರು, ಬೆವರಿನಲ್ಲಿ ಅಂಗಿ ತೊಯ್ದು ಬೆನ್ನಿಗೆ ಅಂಟುವವರೆಗೂ.

ಅವರು ಹೊರಗೆ ಬೇವಿನ ಮರದ ಕೆಳಗೆ ಕೂತಾಗ ನೀರು ಕೊಟ್ಟೆ. ‘ದೇವರಿಗೆ ಖಂಡಿತ ಕೇಳಿಸಿರುತ್ತೆ ಅಪ್ಪಾಜಿ’ ಅಂದೆ.

ನೀರು ಕುಡಿದು ಲೋಟ ಕೆಳಗಿಟ್ಟರು.

‘ದೇವ್ರಿಗೆ ಯಾವತ್ತು ಬಡುದ್ರೂ ಕೇಳುಸ್ತದೆ ಕಣವ್ವ. ಅವ್ಳಿಗೆ?’